ಚೌಕಟ್ಟಿನ ಹೊರಗೆ ಉಳಿದ ಊರುಗಳು

ನನ್ನ ತಂಗಿಯ ಮಗ ಬುಕ್ಕಾಂಬುಧಿಯವನು. ನಾಲ್ಕು ವರ್ಷಗಳಿಂದ ಜರ್ಮನಿಯ ಕಲೋನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ರಜೆ ದೊರೆತಾಗಲೆಲ್ಲ ರೈಲು ಹತ್ತಿ ಪ್ರಾಗ್, ಪ್ಯಾರಿಸ್, ವಾರ್ಸಾ ಎಂದು ಸುತ್ತಿ ಅವನು ತೆಗೆದ ಛಾಯಾಚಿತ್ರಗಳು ನಾಲ್ಕು ಸಾವಿರವನ್ನು ಮೀರಿವೆಯಂತೆ. ಅವುಗಳಲ್ಲಿ ನಲವತ್ತನ್ನು ಆರಿಸಿ ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂಬ ಆಸೆ ಅವನದು; ಅದಕ್ಕೆ ನಾನೇ ಮುನ್ನುಡಿ ಬರೆಯಬೇಕೆಂಬ ಆಜ್ಞೆ ಅವನ ತಾಯಿಯದು. ಹಳಗನ್ನಡ ಕಾವ್ಯ, ಶಾಸನ ಎಂದು ಕಾಲ ಕಳೆದವನಿಗೆ ಕ್ಯಾಮೆರಾದ ಭಾಷೆ ತಿಳಿಯದೆಂದು ಎರಡು ತಿಂಗಳು ನೆಪ ಹೇಳಿದೆ. ತಂಗಿ ಬಿಡಲಿಲ್ಲ. ಮುನ್ನುಡಿ ಬರೆಯಲು ಕುಳಿತಾಗ ಮೂಡಿದ ಕೆಲವು ತಕರಾರುಗಳು ಅವನೊಬ್ಬನಿಗೆ ಸೇರಿದವಲ್ಲವೆನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಹೇಳಬೇಕಾದುದು, ಚಿತ್ರಗಳು ಚೆನ್ನಾಗಿವೆ. ಮಂಜು ಕವಿದ ನದಿ, ಮಳೆಯಲ್ಲಿ ತೊಯ್ದು ಹೊಳೆಯುವ ಕಲ್ಲುಹಾಸು, ಸಂಜೆಯ ನೀಲಿಯಲ್ಲಿ ಹೊತ್ತಿಕೊಂಡ ದೀಪಗಳು ಯಾವುದಕ್ಕೂ ಕೊರತೆಯಿಲ್ಲ. ಆದರೆ ನಲವತ್ತನ್ನೂ ನೋಡಿ ಮುಗಿಸಿದ ಮೇಲೆ ಯಾವ ಚಿತ್ರ ಯಾವ ಊರಿನದೆಂದು ನನಗೆ ತಿಳಿಯಲಿಲ್ಲ. ಮಗುಚಿ ನೋಡಿದರೆ ಹಿಂದೆ ಬರಹವಿಲ್ಲ, ದಿನಾಂಕವಿಲ್ಲ. ಇನ್ನೂ ವಿಚಿತ್ರವೆಂದರೆ, ಅಷ್ಟು ಜನನಿಬಿಡ ನಗರಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕೇಳಿದರೆ ಹೆಮ್ಮೆಯಿಂದ ಹೇಳಿದ: “ಮಾವ, ಅದಕ್ಕೋಸ್ಕರ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಹೋಗಿ ಕಾದಿದ್ದೆ.”

1838ರಲ್ಲಿ ದಾಗೇರ್ ಪ್ಯಾರಿಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯ ಚಿತ್ರ ತೆಗೆದನು. ಬೀದಿಯಲ್ಲಿ ಗಾಡಿಗಳೂ ಜನರೂ ತುಂಬಿದ್ದರೂ ಚಿತ್ರದಲ್ಲಿ ಅದು ಬರಿದಾಗಿ ಕಾಣುತ್ತದೆ. ಅಂದಿನ ತಗಡಿನ ಮೇಲೆ ಬೆಳಕು ಊರಲು ಹಲವು ನಿಮಿಷಗಳು ಬೇಕಿದ್ದವು, ಚಲಿಸುವುದೆಲ್ಲ ಅಳಿಸಿಹೋಯಿತು. ನಿಂತು ಪಾದರಕ್ಷೆಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದ ಒಬ್ಬನ ಆಕೃತಿ ಮಾತ್ರ ಮೂಲೆಯಲ್ಲಿ ಉಳಿಯಿತು. ಇಂದು ಆ ಚಿತ್ರವನ್ನು ನೋಡುವವರು ಮೊದಲು ಹುಡುಕುವುದು ಅವನನ್ನೇ. ದಾಗೇರನಿಗೆ ಯಂತ್ರದ ಮಿತಿಯಿಂದ ಬರಿದಾದ ಬೀದಿಯನ್ನು ನಾವು ಅಲಾರಂ ಇಟ್ಟುಕೊಂಡು ಎದ್ದು ಬರಿದು ಮಾಡುತ್ತಿದ್ದೇವೆ.

ಪ್ರಾಗ್ ನಗರದ ಚಾರ್ಲ್ಸ್ ಸೇತುವೆಯ ಚಿತ್ರಗಳೇ ಏಳಿವೆ. ನಾಲ್ಕನೆಯ ಚಾರ್ಲ್ಸ್ ದೊರೆ ಅದಕ್ಕೆ ಅಡಿಗಲ್ಲು ಹಾಕಿದ್ದು 1357ರಲ್ಲಿ. ಒಂದನೆಯ ಬುಕ್ಕರಾಯನು ವಿಜಯನಗರದ ಪಟ್ಟವೇರಿದ್ದೂ ಅದರ ಆಸುಪಾಸಿನಲ್ಲೇ. ಅಂಬುಧಿಯೆಂದರೆ ಕಡಲು, ಕೆರೆಯನ್ನು ಕಡಲೆಂದೇ ಕರೆದು ಅದಕ್ಕೆ ಬುಕ್ಕನ ಹೆಸರನ್ನಿಟ್ಟ ಊರಿನ ಹುಡುಗ ಅವನು. ಬುಕ್ಕರಾಯನು 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ತೀರಿಸಿ ಶ್ರವಣಬೆಳಗೊಳದಲ್ಲಿ ಶಾಸನ ಹಾಕಿಸುವ ಹೊತ್ತಿಗೆ ವಲ್ಟಾವಾ ನದಿಯಲ್ಲಿ ಆ ಸೇತುವೆಯ ಕೆಲಸ ನಡೆಯುತ್ತಿತ್ತು. ಇದನ್ನು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಸೇತುವೆಯ ಮೇಲಿನ ವಿಗ್ರಹಗಳು ಸೇತುವೆಗಿಂತ ಮುನ್ನೂರು ವರ್ಷಗಳಷ್ಟು ಈಚಿನವು, ಅವುಗಳಲ್ಲಿಯೂ ಹಲವು ಈಗ ಪ್ರತಿಕೃತಿಗಳು, ಮೂಲವಿಗ್ರಹಗಳನ್ನು ಮಳೆಗಾಳಿಯಿಂದ ಕಾಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಗಿದೆ ಎಂದಾಗ ಮಾತ್ರ ಸ್ವಲ್ಪ ಬೇಸರಪಟ್ಟುಕೊಂಡ. “ಹಾಗಾದರೆ ನಾನು ತೆಗೆದದ್ದು ನಕಲಿನ ಚಿತ್ರವೇ?” ಎಂದ. ನಕಲಾದರೂ ಚಿಂತೆಯಿಲ್ಲ, ನಕಲೆಂದು ಬರೆದಿಡು ಎಂದೆ.

ಇಲ್ಲಿ ಅವನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. “ಮಾವ, ಇದು ಶಾಸನ ಪಡಿಯೆಚ್ಚು ತೆಗೆಯುವ ಕೆಲಸವಲ್ಲ. ಮೊದಲ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ಮಾತಾಡುವುದಕ್ಕೆ ಒಬ್ಬರಿರಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ನಾನು ಕೋಣೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ” ಎಂದ ಆ ಹುಡುಗ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮನುಷ್ಯರಿಲ್ಲದ ಚಿತ್ರಗಳನ್ನು ತೆಗೆದವನ ಸುತ್ತಲೂ ಆಗ ಮನುಷ್ಯರಿರಲಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ. 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದ ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಕಾರಂತರು ಯುರೋಪ್ ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದರು. ಆ ತಲೆಮಾರಿಗೆ ಒಂಟಿತನವನ್ನು ಕಳೆಯಲು ಬರವಣಿಗೆಯಿತ್ತು, ಇವನಿಗೆ ಮಸೂರವಿದೆ. ಮಾಧ್ಯಮ ಬದಲಾದುದಕ್ಕೆ ನನ್ನ ಆಕ್ಷೇಪವಿಲ್ಲ. ಬರೆಯುವವನು ಊರಿನ ಹೆಸರು ಹೇಳದೆ ಒಂದು ಪುಟವನ್ನೂ ದಾಟಲಾರ. ಚಿತ್ರ ತೆಗೆಯುವವನು ಹೇಳದೆಯೇ ಸಾವಿರ ಊರು ದಾಟಬಲ್ಲ. ನನ್ನ ಆಕ್ಷೇಪವಿರುವುದು ಇಷ್ಟರ ಬಗ್ಗೆ ಮಾತ್ರ.

ಚಿತ್ರವು ಸಂತೋಷಕ್ಕೆಂದು ತೆಗೆದದ್ದಾದರೂ ಕಾಲ ಸರಿದಂತೆ ಸಾಕ್ಷಿಯಾಗುತ್ತದೆ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಹಿಡಿದನು. ಅವನು ತೆಗೆದ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಇಂದು ಅದು ಇಲ್ಲ. ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ದಿನವೂ ಕಾಣುವುದು ಶಿಖರವಿಲ್ಲದ ರಥವನ್ನು. ಇಂಥ ಹಳೆಯ ಚಿತ್ರಗಳಿರದಿದ್ದರೆ ಆ ಶಿಖರವನ್ನು ಕಣ್ಣಾರೆ ಕಾಣುವ ಬಗೆಯೇ ನಮಗಿರುತ್ತಿರಲಿಲ್ಲ. 1983ರಲ್ಲಿ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಸ್ಥಳ ಗುರುತಿಸಲು ಬರುವಂತಿದ್ದುದರಿಂದ ಅದು ಸಾಧ್ಯವಾಯಿತು. ಗ್ರೀನ್‌ಲಾನ ಕಾಲದಲ್ಲಿಯೇ ಬಿಗ್ಸ್, ಪಿಗೂ, ನೀಲ್ ಎಂಬ ಮೂವರು ಧಾರವಾಡ ಮತ್ತು ಮೈಸೂರು ಸೀಮೆಗಳ ದೇವಾಲಯಗಳ ಚಿತ್ರ ತೆಗೆದರು. 1866ರಲ್ಲಿ ಲಂಡನ್ನಿನಲ್ಲಿ ಅವು ಪುಸ್ತಕವಾದವು. ಆಳುವವರ ಕಣ್ಣಿನಿಂದ ನೋಡಿದ ಚಿತ್ರಗಳೆಂಬ ಟೀಕೆಗೆ ಅವು ಅರ್ಹವೇ. ಆದರೂ ಅವರು ಊರಿನ ಹೆಸರು ಬರೆದಿಟ್ಟರು.

ಯುರೋಪಿನಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆಯಿದೆ, ಮತ್ತು ನಮ್ಮ ಹುಡುಗ ಅಲ್ಲಿಗೆ ಹೋಗಿ ಬಂದಿದ್ದಾನೆ. ವಾರ್ಸಾದ ಹಳೆಯ ಪಟ್ಟಣವನ್ನು 1944ರ ಬಂಡಾಯದ ನಂತರ ನಾಜಿ ಸೈನ್ಯವು ಹೆಚ್ಚುಕಡಿಮೆ ನೆಲಸಮ ಮಾಡಿತು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ಕಟ್ಟಿದವರು ಹದಿನೆಂಟನೆಯ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಚಿತ್ರಕಾರ ಬರೆದ ಬೀದಿಗಳ ವರ್ಣಚಿತ್ರಗಳನ್ನೂ, ಯುದ್ಧಕ್ಕೆ ಮುಂಚೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಳತೆ ಹಿಡಿದು ಮಾಡಿದ್ದ ರೇಖಾಚಿತ್ರಗಳನ್ನೂ ಮುಂದಿಟ್ಟುಕೊಂಡರು. 1980ರಲ್ಲಿ ಯುನೆಸ್ಕೊ ಆ ಪುನರ್ನಿರ್ಮಾಣವನ್ನೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಚೌಕದ ಬಣ್ಣದ ಮನೆಗಳ ಚಿತ್ರಕ್ಕೆ ಇವನು ಇಟ್ಟ ಶೀರ್ಷಿಕೆ “ಮಧ್ಯಯುಗದ ಕನಸು”. ಆ ಗೋಡೆಗಳು ನನ್ನ ಓರಗೆಯವು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು, ನಲವತ್ತರಲ್ಲಿ ಸೇರದೆ ತಿರಸ್ಕೃತವಾದ ಒಂದು ಚಿತ್ರ. ಕಲೋನಿನ ಅವನ ಮನೆಯ ಬೀದಿಯದು; ಆಕಸ್ಮಿಕವಾಗಿ ಒತ್ತಿಹೋದದ್ದಂತೆ. ಅವನ ಬೂಟಿನ ತುದಿ, ಅದರ ಪಕ್ಕದಲ್ಲಿ ಕಲ್ಲುಹಾಸಿನ ನಡುವೆ ಅಂಗೈಯಗಲದ ಹಿತ್ತಾಳೆಯ ಚೌಕ, ಅದರ ಮೇಲೆ ಅಕ್ಷರಗಳು. ಅಕ್ಷರ ಕಂಡರೆ ಬಿಡದ ಚಾಳಿ ನನ್ನದು. ಏನೆಂದು ಕೇಳಿದೆ. “ಗೊತ್ತಿಲ್ಲ ಮಾವ, ಅಂಥವು ತುಂಬ ಇವೆ” ಎಂದ. ವಾರದ ನಂತರ ವಿಚಾರಿಸಿಕೊಂಡು ಫೋನ್ ಮಾಡಿದ. ಅವನ್ನು ‘ಎಡವುಗಲ್ಲು’ಗಳೆಂದು ಕರೆಯುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಕಲೋನ್ ನಗರದಲ್ಲಿಯೇ ಮೊದಲ ಕಲ್ಲನ್ನು ಹುಗಿದದ್ದು. 2023ರಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ನಾಜಿಗಳಿಗೆ ಬಲಿಯಾದವರು ಕೊನೆಯದಾಗಿ ತಮ್ಮ ಇಚ್ಛೆಯಿಂದ ವಾಸವಾಗಿದ್ದ ಮನೆಯ ಮುಂದೆ, “ಇಲ್ಲಿ ವಾಸಿಸಿದ್ದರು” ಎಂದು ಆರಂಭಿಸಿ, ಹೆಸರು, ಹುಟ್ಟಿದ ವರ್ಷ, ಕರೆದೊಯ್ದ ವರ್ಷ, ಅಂತ್ಯ ಇಷ್ಟನ್ನು ಅಚ್ಚೊತ್ತಿರುತ್ತಾರೆ.

ನಮ್ಮ ನಿಸಿದಿಗಲ್ಲುಗಳನ್ನು ಓದುತ್ತ ಬಂದವನಿಗೆ ಇದರಲ್ಲಿ ಪರಿಚಿತವಾದುದೇನೋ ಕಾಣುತ್ತದೆ: ಒಂದು ಹೆಸರು, ಒಂದು ಕಾಲ, ಒಂದು ಸ್ಥಳ. ಹೋಲಿಕೆ ಅಲ್ಲಿಗೆ ನಿಲ್ಲಬೇಕು. ನಿಸಿದಿಯು ವ್ರತ ಹಿಡಿದು ದೇಹ ಬಿಟ್ಟವರದು. ಆ ಹಿತ್ತಾಳೆಯ ಚೌಕಗಳು ಮನೆಯಿಂದ ಎಳೆದೊಯ್ಯಲ್ಪಟ್ಟವರವು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಇಬ್ಬರಿಗೂ ಅಪಚಾರ. ಆದರೆ ಕಲ್ಲು ಓದದೆ ದಾಟುವವನ ಕಣ್ಣು ಎಲ್ಲಿದ್ದರೂ ಒಂದೇ. ತರೀಕೆರೆಗೆ ಸಮೀಪದ ಅಮೃತಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕನು 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ಮಿರುಗುವ ಕಂಬಗಳ ಮುಂದೆ ನಿಂತು ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತಾರೆ. ಮುಖಮಂಟಪದ ಬಳಿಯಲ್ಲಿ ನಿಂತಿರುವ ದೊಡ್ಡ ಶಾಸನವು ‘ಯಶೋಧರ ಚರಿತೆ’ಯ ಕವಿ ಜನ್ನನ ರಚನೆ. ಕನ್ನಡದ ಮಹಾಕವಿಯೊಬ್ಬನ ಪದ್ಯಗಳು ಕಲ್ಲಿನ ಮೇಲಿವೆ. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡವರನ್ನು ನಾನು ಇದುವರೆಗೆ ಕಂಡಿಲ್ಲ.

ಕಳೆದ ವರ್ಷ ಬುಕ್ಕಾಂಬುಧಿಯ ತಂಗಿಯ ಹಳೆಯ ಮನೆಯನ್ನು ಕೆಡವಿದರು. ತೊಲೆ ಗೆದ್ದಲು ಹಿಡಿದಿತ್ತು. ಕೆಡವಿದ್ದು ತಪ್ಪೆಂದು ನಾನು ಹೇಳಲಾರೆ. ಹೊಸ ಮನೆಯ ಗೃಹಪ್ರವೇಶದ ದಿನ ಅವಳು ಮಗನನ್ನು ಕೇಳಿದಳು: “ಆ ಜಗಲಿಯದು ಒಂದು ಫೋಟೋ ಇದೆಯೇನೋ? ನಿಮ್ಮಜ್ಜಿ ಕೂತು ಹೂ ಕಟ್ಟುತ್ತಿದ್ದ ಜಾಗದ್ದು?” ಅವನು ಸಂಜೆಯವರೆಗೂ ಹುಡುಕಿದ. ಕಲೋನಿನ ಕೆಥೆಡ್ರಲ್ಲಿನದು ಮುನ್ನೂರು ಚಿತ್ರಗಳಿದ್ದವು. ಜಗಲಿಯದು ಒಂದೂ ಇರಲಿಲ್ಲ. ಕೊನೆಗೆ ಯಾರದೋ ಮದುವೆಯ ಆಲ್ಬಮ್ಮಿನಲ್ಲಿ, ನೆಂಟರ ಸಾಲಿನ ಹಿಂದೆ, ಜಗಲಿಯ ಒಂದು ಕಂಬದ ಅರ್ಧ ಭಾಗ ಸಿಕ್ಕಿತು. ಅದನ್ನೇ ದೊಡ್ಡದು ಮಾಡಿಸಿ ಕೊಟ್ಟ. ತಂಗಿ ಏನೂ ಅನ್ನಲಿಲ್ಲ. ಚಿತ್ರ ಈಗ ದೇವರ ಮನೆಯ ಪಕ್ಕದ ಗೋಡೆಯಲ್ಲಿದೆ.

ಆ ರಾತ್ರಿ ನಾವಿಬ್ಬರೂ ಕೆರೆಯ ಏರಿಯ ಮೇಲೆ ಕುಳಿತಿದ್ದಾಗ ಮುನ್ನುಡಿಗೆ ನನ್ನ ಷರತ್ತುಗಳನ್ನು ಹೇಳಿದೆ. ಪ್ರತಿ ಚಿತ್ರದ ಕೆಳಗೆ ಊರು, ಬೀದಿ, ದಿನಾಂಕ ಇರಬೇಕು. ಅಂದು ಅಲ್ಲಿ ಕಂಡು ಚೌಕಟ್ಟಿನ ಹೊರಗೆ ಉಳಿದ ಒಂದು ಸಂಗತಿಯನ್ನು ಎರಡು ಸಾಲಿನಲ್ಲಿ ಬರೆಯಬೇಕು. ಬೂಟಿನ ತುದಿಯ ಆ ಚಿತ್ರ ಪುಸ್ತಕದಲ್ಲಿರಬೇಕು. “ಫೋಕಸ್ ಸರಿಯಿಲ್ಲ ಮಾವ” ಎಂದ. ಅಕ್ಷರ ಓದಲು ಬರುತ್ತದಲ್ಲ ಎಂದೆ.

ಇದುವರೆಗೆ ಹನ್ನೊಂದು ಚಿತ್ರಗಳ ಬರಹ ಕಳಿಸಿದ್ದಾನೆ. ಸೇತುವೆಯ ಚಿತ್ರದ ಕೆಳಗೆ, ಆ ಬೆಳಿಗ್ಗೆ ಕಸ ಗುಡಿಸಲು ಬಂದ ಮುದುಕನೊಬ್ಬ ತನ್ನ ಪೊರಕೆಯನ್ನು ಹಿಂದಕ್ಕೆ ಸರಿಸಿಕೊಂಡು, ಇವನು ಚಿತ್ರ ತೆಗೆದು ಮುಗಿಸುವವರೆಗೂ ಕಾದು ನಿಂತಿದ್ದನೆಂದು ಬರೆದಿದ್ದಾನೆ. ನಿನ್ನೆ ಫೋನ್ ಮಾಡಿ ಹನ್ನೆರಡನೆಯದರ ಬಗ್ಗೆ ಕೇಳಿದ. ಹಿತ್ತಾಳೆಯ ಚೌಕದ ಮೇಲಿನ ಆ ಹೆಂಗಸಿನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಜರ್ಮನರು ಉಚ್ಚರಿಸುವಂತೆಯೋ ಅಥವಾ ಅಕ್ಷರಗಳು ಇರುವಂತೆಯೋ ಎಂದು. ಎದುರು ಮನೆಯ ಅಜ್ಜಿಯನ್ನು ಕೇಳಿ, ಅವರು ಹೇಳಿದಂತೆ ಬರೆ ಎಂದೆ. ಬೆಳಗಾದ ಮೇಲೆ ಕೇಳುತ್ತೇನೆಂದಿದ್ದಾನೆ.