ಹೆಸರು ಕೇಳಿಸದಿದ್ದರೇ ಒಳ್ಳೆ ಆಟಗಾರ

ಅಮೆರಿಕನ್ ಫುಟ್ಬಾಲ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು, ಅಷ್ಟೇ. ಡೊಂಬಿವಲಿಯ ನಮ್ಮ ಮನೆಯಲ್ಲೂ ಅದೇ ಅಭಿಪ್ರಾಯ. ಸೋಮವಾರ ಬೆಳಗಿನ ಜಾವ ಐದಕ್ಕೆ ಸೂಪರ್ ಬೌಲ್ ನೋಡ್ತಾ ಕೂತರೆ ಬೈಗುಳ ಗ್ಯಾರಂಟಿ. ಇರಲಿ ಬಿಡಿ. ನನ್ನ ತಕರಾರು ಆಟ ನೋಡುವವರ ಮೇಲೆ. ಎಲ್ಲರ ಕಣ್ಣೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ. ಹಿಂದೆ ಕಾವಲು ನಿಂತ ಡಿಫೆನ್ಸಿವ್ ಬ್ಯಾಕ್‌ಗಳು ಕಾಣೋದು ಸೋತಾಗ ಮಾತ್ರ.

ಅವರ ಕೆಲಸ ನೋಡಿ. ಅಂಚಿನಲ್ಲಿ ಕಾರ್ನರ್‌ಬ್ಯಾಕ್, ಎಲ್ಲರಿಗಿಂತ ಹಿಂದೆ ಸೇಫ್ಟಿ. ಚೆಂಡು ಹಿಡಿಯಲು ಓಡುವ ರಿಸೀವರ್‌ಗೆ ತಾನು ಎಲ್ಲಿ ತಿರುಗಬೇಕು ಅಂತ ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್‌ಗೆ ಗೊತ್ತಿಲ್ಲ! ಹಿಮ್ಮುಖವಾಗಿ ಓಡುತ್ತಾ, ಅವನ ಸೊಂಟದ ಮೇಲೆ ಕಣ್ಣಿಟ್ಟು, ಊಹಿಸಿ, ಸರಕ್ಕನೆ ತಿರುಗಿ ಬೆನ್ನು ಹತ್ತಬೇಕು. ಸಾಲದ್ದಕ್ಕೆ 1978ರಿಂದ, 5 ಗಜ ದಾಟಿದ ಮೇಲೆ ರಿಸೀವರನ್ನು ತಳ್ಳುವ ಹಾಗೂ ಇಲ್ಲ. ಪಿಟ್ಸ್‌ಬರ್ಗಿನ ಮೆಲ್ ಬ್ಲೌಂಟ್ ಎಷ್ಟು ಕಾಡಿದ್ದನೆಂದರೆ ಆ ನಿಯಮಕ್ಕೆ ಅವನ ಹೆಸರೇ ಅಂಟಿಕೊಂಡಿತು.

ಇನ್ನು ಅಂಕಿಅಂಶದ ಅನ್ಯಾಯ. ಓಕ್‌ಲ್ಯಾಂಡ್ ರೈಡರ್ಸ್‌ನ ನಾಮ್ಡಿ ಆಸಮ್ವಾ 2006ರಲ್ಲಿ 8 ಸಲ ಎದುರಾಳಿಯ ಪಾಸ್ ಕಸಿದುಕೊಂಡ. ಮುಂದಿನ 3 ಸೀಸನ್ ಸೇರಿಸಿದರೂ ಬರೀ 3. ಮಂಕಾದನಾ? ಅಲ್ಲ ಮಾರಾಯ್ರೆ, ಅವನಿದ್ದ ಕಡೆಗೆ ಚೆಂಡು ಎಸೆಯೋಕೇ ಎದುರಾಳಿಗಳು ಹೆದರಿದರು. ಹೀಗೆ ಎಸೆಯದೇ ಉಳಿದ ಚೆಂಡನ್ನು ಯಾವ ಕಾಲಮ್ಮಿನಲ್ಲಿ ಬರೀತೀರಿ? ನಮ್ಮ ಆಫೀಸುಗಳಲ್ಲೂ ಇಂಥವರು ಇರ್ತಾರೆ, ಅಪ್ರೈಸಲ್ ಹೊತ್ತಿಗೆ ಏನು ತೋರಿಸೋದು ಅಂತ ಪರದಾಡ್ತಾರೆ.

ಕಸಿದುಕೊಂಡರೂ ಪೂರ್ತಿ ಹೆಸರು ಸಿಗೋದಿಲ್ಲ. 2015ರ ಫೆಬ್ರವರಿ 1ರ ಸೂಪರ್ ಬೌಲ್. ಸಿಯಾಟಲ್ 24-28ರಿಂದ ಹಿಂದಿತ್ತು, ಗೆಲ್ಲೋಕೆ ಒಂದೇ ಗಜ, ಅರ್ಧ ನಿಮಿಷಕ್ಕಿಂತ ಕಡಿಮೆ ಸಮಯ. ಸಿಯಾಟಲ್ ಪಾಸ್ ಮಾಡಿತು, ನ್ಯೂ ಇಂಗ್ಲೆಂಡಿನ ಮಾಲ್ಕಮ್ ಬಟ್ಲರ್ ನುಗ್ಗಿ ಚೆಂಡು ಕಿತ್ತುಕೊಂಡ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಹುಡುಗ, ಮೊದಲ ವರ್ಷ. ಅದೇ ಚಾಲನ್ನು ಪ್ರಾಕ್ಟೀಸಿನಲ್ಲಿ ತಡೆಯಲಾಗದೆ ಸೋತಿದ್ದ, ಕೋಚ್ ಕೈಲಿ ಮಾತು ಕೇಳಿದ್ದ. ಹಾಗಾಗಿ ಎದುರಾಳಿಗಳು ನಿಂತ ರೀತಿ ನೋಡಿಯೇ ಗುರುತು ಹಿಡಿದ.

ಹತ್ತು ವರ್ಷ ದಾಟಿತು. ಇವತ್ತಿಗೂ ಆ ಪಂದ್ಯದ ಮಾತು ಎತ್ತಿದರೆ ಎಲ್ಲರೂ ಕೇಳೋದು ಒಂದೇ: ಮಾರ್ಶಾನ್ ಲಿಂಚ್‌ನಂಥ ಓಟಗಾರ ಇರುವಾಗ ಸಿಯಾಟಲ್ ಕೋಚ್ ಪೀಟ್ ಕ್ಯಾರಲ್ ಪಾಸ್ ಯಾಕೆ ಮಾಡಿಸಿದ?