ಕೆರೆಯ ಹಕ್ಕಿ, ಹೊಸ ತೆನೆ

ಕಷ್ಟಕಾಲದಲ್ಲಿ ನಿಸರ್ಗದ ಕಡೆಗೆ ನೋಡುವ ರೂಢಿ ಕ್ರೈಸ್ತ ಧರ್ಮದಲ್ಲಿ ಯೇಸುವಿನ ಬೋಧನೆಯಷ್ಟೇ ಹಳೆಯದು. ನಾಳೆಯ ಅನ್ನ, ಬಟ್ಟೆಯ ಚಿಂತೆಯಲ್ಲಿದ್ದವರಿಗೆ ಆತ ತೋರಿಸಿದ್ದು ಆಕಾಶದ ಹಕ್ಕಿಗಳನ್ನು, ಹೊಲದ ಹೂಗಳನ್ನು. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಈ ಮಾತನ್ನು ಸಮಾಧಾನದ ನುಡಿಯಾಗಿ ಓದುವವರೇ ಹೆಚ್ಚು. ಅದು ಅಷ್ಟು ಸುಲಭವಾದುದಲ್ಲ ಎಂದು ತಿಳಿಯಲು ನಂಜನಗೂಡು, ತಿ. ನರಸೀಪುರ ಸೀಮೆಯನ್ನು ನೋಡಿದರೆ ಸಾಕು.

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಸರೋವರಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ಬರುತ್ತವೆ. ಅಷ್ಟು ದೂರದ ಹಾದಿಯನ್ನು ವರ್ಷವೂ ತಪ್ಪದೆ ಕ್ರಮಿಸುವ ಜೀವದಲ್ಲಿ ದೇವರ ಪರಾಮರಿಕೆಯ ಗುರುತನ್ನು ಕಾಣುವುದು ವಿಶ್ವಾಸಿಗೆ ಕಷ್ಟವಲ್ಲ. ಆದರೆ ಹೆಬ್ಬಾತು ಬಿತ್ತುವುದಿಲ್ಲವಾದರೂ ಮೇಯುತ್ತದೆ. ಮೇಯುವುದು ಬಯಲಿನ ಹುಲ್ಲನ್ನು ಮಾತ್ರವಲ್ಲ, ರೈತನ ಪೈರನ್ನೂ. ನೋಡಲು ಬಂದವನಿಗೆ ಹಬ್ಬವೆನಿಸಿದ್ದು ಗದ್ದೆಯ ಒಡೆಯನಿಗೆ ನಷ್ಟವಾಗಬಹುದು. ಕಪಿಲೆಯ ಮಾತೂ ಅಷ್ಟೇ. ಈ ಸೀಮೆಗೆ ಭತ್ತ ಕೊಟ್ಟ ಹೊಳೆಯೇ 2019ರ ಆಗಸ್ಟ್‌ನಲ್ಲಿ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿತು. ನಿಸರ್ಗ ಕರುಣಾಮಯಿ, ಆದ್ದರಿಂದ ಭರವಸೆ ಇಡಬಹುದು ಎಂಬ ವಾದ ಆ ನೀರಿನಲ್ಲಿ ನಿಲ್ಲುವುದಿಲ್ಲ.

ಸತ್ಯವೇದವೂ ಆ ವಾದವನ್ನು ಹೂಡುವುದಿಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನಿಗೆ ದೇವರು ಉತ್ತರ ಕೊಡುವುದು ಬಿರುಗಾಳಿಯೊಳಗಿಂದ. ಅಲ್ಲಿ ಹೇಳುವ ಕಾಡುಮೃಗ, ಮಂಜು, ಸಮುದ್ರ ಯಾವುದೂ ಮನುಷ್ಯನ ಹಿತಕ್ಕಾಗಿ ಪಳಗಿದ್ದಲ್ಲ. ಪ್ರವಾದಿ ಹಬಕ್ಕೂಕ ಇನ್ನೂ ಮುಂದೆ ಹೋಗುತ್ತಾನೆ: ಅಂಜೂರ, ದ್ರಾಕ್ಷಿ, ಎಣ್ಣೆಮರಗಳು ಫಲ ಕೊಡದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ದೇವರಲ್ಲಿ ಹಿಗ್ಗುವೆನೆನ್ನುತ್ತಾನೆ. ಸೃಷ್ಟಿಯೆಲ್ಲವೂ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂಬುದು ಪೌಲನ ಕಾಣ್ಕೆ. ಅಂದರೆ ಕ್ರೈಸ್ತ ಭರವಸೆಯ ಬುಡ ನಿಸರ್ಗವಲ್ಲ, ನಿಸರ್ಗದ ಕರ್ತ. ನಿಸರ್ಗ ಸಾಕ್ಷಿ ಮಾತ್ರ, ಅದೂ ತಾನೇ ಗಾಯಗೊಂಡ ಸಾಕ್ಷಿ. ಅಸಿಸಿಯ ಫ್ರಾನ್ಸಿಸ್ ಸೂರ್ಯನನ್ನು ಅಣ್ಣನೆಂದು ಕರೆದು ಹಾಡು ಕಟ್ಟಿದ್ದು 1225ರ ಸುಮಾರಿಗೆ, ಕಣ್ಣುಬೇನೆಯಿಂದ ಬೆಳಕನ್ನೇ ಸಹಿಸಲಾರದ ಸ್ಥಿತಿಯಲ್ಲಿ. ಸುಂದರ ನೋಟದಿಂದ ಹುಟ್ಟಿದ ಉಲ್ಲಾಸವೆಂದು ಅದನ್ನು ಹೇಳಲಾಗದು.

ಕನ್ನಡ ನಾಡಿನಲ್ಲಿ ಇದಕ್ಕೆ ಗಟ್ಟಿಯಾದ ನಿದರ್ಶನ ಕರಾವಳಿಯ ತೆನೆಹಬ್ಬ, ಕೊಂಕಣಿಯ ಮೊಂತಿ ಫೆಸ್ತ್. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಇದನ್ನು ಆರಂಭಿಸಿದರೆಂಬುದು ಪರಂಪರೆಯ ಮಾತು. ಇಪ್ಪತ್ತೊಂದು ವರ್ಷಗಳ ಬಳಿಕ, 1784ರಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರು ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಉಳಿದವರಿಗೆ ಊರಿಗೆ ಮರಳುವ ದಾರಿ ತೆರೆದದ್ದು 1799ರಲ್ಲಿ. ಗದ್ದೆ ಕಳೆದುಕೊಂಡಿದ್ದ ಸಮುದಾಯದಲ್ಲಿ ಗದ್ದೆಯ ಹಬ್ಬ ಅಳಿಯಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಇಂದಿಗೂ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಗುರುಗಳು ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ; ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಅಂದಿನ ಊಟ ಸಸ್ಯಾಹಾರ.

ಒಬ್ಬಂಟಿಯಾಗಿ ಕೆರೆದಂಡೆಯಲ್ಲಿ ಕುಳಿತು ಪಡೆಯುವ ನೆಮ್ಮದಿಗೂ ಈ ಆಚರಣೆಗೂ ಅಂತರವಿದೆ. ಮೊದಲನೆಯದು ಬೇಡವೆಂದಲ್ಲ, ಯೇಸುವೂ ಪ್ರಾರ್ಥಿಸಲು ಬೆಟ್ಟ ಹತ್ತಿದವನೇ. ಆದರೆ ನೆಮ್ಮದಿ ಮನಸ್ಸಿನ ಸ್ಥಿತಿ, ಬೇಗ ಕದಡುತ್ತದೆ. ತೆನೆಯಲ್ಲಿ ದುಡಿಮೆ, ಮಳೆ, ನೆರೆಹೊರೆ, ಹಸಿವು ಎಲ್ಲವೂ ಸೇರಿವೆ. ದುಃಖದಲ್ಲಿರುವವನ ಕೈಗೂ ಒಂದು ಪಾಲು ಬರುತ್ತದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರ ಇದಕ್ಕೆ ಇನ್ನೊಂದು ಹೊಣೆಯನ್ನು ಸೇರಿಸಿತು: ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರೆ ಬೇರೆಯಾಗಿ ಕೇಳಬಾರದು. ಹೂಳು ತುಂಬಿದ ಕೆರೆಯ ಪಕ್ಕದಲ್ಲಿ ಹಕ್ಕಿಗಳ ಪಾಠ ಹೇಳುವ ಬೋಧಕ, ಆ ಪತ್ರದ ದೃಷ್ಟಿಯಲ್ಲಿ, ಪಾಠದ ಅರ್ಧವನ್ನಷ್ಟೇ ಹೇಳಿದ್ದಾನೆ. ಹೂಳೆತ್ತುವುದು ಮತ್ತು ಬೆಳೆ ಕಳೆದುಕೊಂಡ ರೈತನ ಪರ ನಿಲ್ಲುವುದು ಉಳಿದರ್ಧ.