ಕಾವೇರಿಯ ಡುಬ್ಬದ ಮೀನು

ಅಮ್ಮಸಂದ್ರದ ಆಸುಪಾಸಿನ ಕೆರೆಗಳು ಕೋಡಿ ಬಿದ್ದರೆ ಆ ನೀರು ಶಿಂಷಾ ನದಿಯನ್ನು ಸೇರಿ, ಮಾರ್ಕೋನಹಳ್ಳಿಯ ಜಲಾಶಯವನ್ನು ದಾಟಿ, ಶಿವನಸಮುದ್ರದ ಕೆಳಗೆ ಕಾವೇರಿಯಲ್ಲಿ ಬೆರೆಯುತ್ತದೆ. ಅಲ್ಲಿಂದ ಮುಂದಿನ ಬಂಡೆಗಳ ನಡುವಣ ಮಡುಗಳಲ್ಲಿ, ಕಾವೇರಿ ಮತ್ತು ಅದರ ಉಪನದಿಗಳ ಹೊರತು ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲದ ಡುಬ್ಬದ ಮಹಶೀರ್ ಮೀನು ನಮ್ಮ ಕಣ್ಣೆದುರಿಗೇ ನಶಿಸುತ್ತಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದುದು 120 ಪೌಂಡು ತೂಗಿತ್ತು.

ದೂರದ ಸಮುದ್ರಗಳ ಹವಳದಿಬ್ಬಗಳಲ್ಲಿ ಬಾಳುವ ಗುಬುಟುತಲೆಯ ನೆಪೋಲಿಯನ್ ಮೀನಿನ ವ್ಯಾಪಾರಕ್ಕೆ ಲೋಕದ ರಾಷ್ಟ್ರಗಳು 2004ರಲ್ಲಿಯೇ ಕಟ್ಟುಪಾಡನ್ನು ವಿಧಿಸಿದುವು. ನಮ್ಮ ಮೀನಿಗಾದರೋ 2018ರವರೆಗೆ ಶಾಸ್ತ್ರೀಯವಾದ ಹೆಸರೇ ನಿಶ್ಚಯವಾಗಿರಲಿಲ್ಲ. ಕೇರಳದ ಪಾಂಬಾರಿನಲ್ಲಿ ಗುರುತಿಸಿದ್ದ ‘ಟಾರ್ ರೆಮಾದೇವಿ’ಯೇ ಇದೆಂದು ಆ ವರ್ಷ ಸಿದ್ಧವಾಯಿತು, ಒಡನೆಯೇ ಅದು ತೀವ್ರ ಅಪಾಯಕ್ಕೆ ಸಿಕ್ಕಿದ ಜೀವಿಗಳ ಕೆಂಪು ಪಟ್ಟಿಯನ್ನೂ ಸೇರಿತು. ನಾಮಕರಣದ ಬೆನ್ನಿಗೇ ಪ್ರಾಣಸಂಕಟದ ವಾರ್ತೆ!

ಅಣೆಕಟ್ಟುಗಳು ಮೊಟ್ಟೆಯಿಡಲು ಮೇಲಕ್ಕೇರುವ ಮೀನಿನ ದಾರಿಯನ್ನು ಕಟ್ಟಿದುವು. ಸಿಡಿಮದ್ದು ಮಡುಗಳನ್ನೇ ಸೂರೆಗೊಂಡಿತು. ಇವೆಲ್ಲವೂ ವಾಚಕರಿಗೆ ತಿಳಿದ ಸಂಗತಿಗಳು. ಹಿತಬುದ್ಧಿಯಿಂದ ಆದ ಹಾನಿಯನ್ನು ಮಾತ್ರ ಬಲ್ಲವರು ಕಡಮೆ. 1970ರ ದಶಕದಿಂದೀಚೆಗೆ, ಮಹಶೀರನ್ನು ಉಳಿಸಬೇಕೆಂದೇ, ಮಹಾರಾಷ್ಟ್ರದ ಲೋಣಾವಳದ ಮರಿಶಾಲೆಯಿಂದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತರಿಸಿ ಕಾವೇರಿಗೆ ಬಿಡಲಾಯಿತು. ಗಾಲಿಬೋರೆಯಲ್ಲಿ ಗಾಳದಿಂದ ಹಿಡಿದು ಮರಳಿ ನೀರಿಗೆ ಬಿಟ್ಟ ಮೀನುಗಳ 1998ರಿಂದ 2012ರವರೆಗಿನ ಲೆಕ್ಕವನ್ನು ನೋಡಿದರೆ ಒಟ್ಟು ಸಂಖ್ಯೆ ಏರಿಯೇ ಇದೆ. ಅಂಕಿಯನ್ನಷ್ಟೇ ನೋಡುವ ಅಧಿಕಾರಿಗೆ ಇದು ಜಯವೆಂದೇ ಕಂಡೀತು. ಆದರೆ ಏರಿದುದು ನೀಲಿರೆಕ್ಕೆಯದು. ಡುಬ್ಬದ ಮೀನು ಕುಸಿಯಿತು. ಅಲ್ಲೊಂದು ಇಲ್ಲೊಂದು ಸಿಕ್ಕಿದುವೂ ವರ್ಷ ವರ್ಷಕ್ಕೆ ಹೆಚ್ಚು ಹೆಚ್ಚು ತೂಕದವು. ಅರ್ಥಾತ್, ಮುದಿಮೀನುಗಳು ಉಳಿದು, ಮರಿಗಳು ಬೆಳೆದುಬರುವುದು ನಿಂತಿತ್ತು.

ತಿಪಟೂರು ಸೀಮೆಯ ತೋಟಗಾರನು ಬಿತ್ತನೆಗಾಯಿಯನ್ನು ಕಂಡಕಂಡಲ್ಲಿ ಕೊಳ್ಳುವವನಲ್ಲ. ತಾಯಿಮರವನ್ನು ನೋಡಿ ಆರಿಸುತ್ತಾನೆ. ಅಷ್ಟು ವಿವೇಕವನ್ನು ನದಿಯ ವಿಷಯದಲ್ಲಿ ತೋರದೆ ಹೋದುದು ವಿಷಾದಕರ.

ಇನ್ನು ಮೇಕೆದಾಟು. ರಾಜಧಾನಿಗೆ ಕುಡಿಯುವ ನೀರು ಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಯೋಜಿತ ಜಲಾಶಯವು ಹರಿಯುವ ಹೊಳೆಯನ್ನು ನಿಂತ ನೀರಾಗಿ ಮಾಡುವುದು. ಮಹಶೀರ್ ಬಯಸುವುದು ಹರಿವನ್ನು. ಸರ್ಕಾರದವರು ಮುಳುಗುವ ಅರಣ್ಯದ ಲೆಕ್ಕದ ಜೊತೆಗೆ ಈ ಮೀನಿನ ಲೆಕ್ಕವನ್ನೂ ಪ್ರಜೆಗಳ ಮುಂದಿಡಲಿ. ಪರಸ್ಥಳದ ಮರಿಗಳನ್ನು ಕಾವೇರಿಗೆ ಬಿಡುವುದನ್ನು ನಿಷೇಧಿಸಲಿ. ಮರಿಮಾಡುವುದೇ ಆದರೆ, ಈ ಮೀನು ಇನ್ನೂ ಉಳಿದಿರುವ ಮೋಯಾರ್ ಮೊದಲಾದ ಕಾವೇರಿಯ ಉಪನದಿಗಳ ಮೀನಿನಿಂದಲೇ, ಬಲ್ಲವರ ಮೇಲ್ವಿಚಾರಣೆಯಲ್ಲಿ ಮಾಡಿಸಲಿ.